ಬೀಳುವ ಭಯಕ್ಕೆ ಊಟದ ಮೇಜಿನ ಕುರ್ಚಿ

ಕಾಲಿನಲ್ಲಿ ಬಲವಿಲ್ಲ, ಎಲ್ಲಿ ಬೀಳುತ್ತೇವೋ ಎಂಬ ಅಳುಕಿರುವ ಹಿರಿಯರು ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯ ಅಂಚಿನಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಎಲ್ಲಿಯೂ ಊರದೆ ಎದ್ದು ನಿಂತು ಮತ್ತೆ ಕುಳಿತುಕೊಳ್ಳುವುದನ್ನು ಬೆಳಗಿನ ಕಾಫಿಗೆ ಮೊದಲು 10 ಸಲ, ಸಂಜೆ 10 ಸಲ ಮಾಡಬೇಕು. ಮೆಟ್ಟಿಲು ಹತ್ತುವುದಕ್ಕೂ ಎಡವಿದಾಗ ಸಾವರಿಸಿಕೊಳ್ಳುವುದಕ್ಕೂ ಬೇಕಾದ ತೊಡೆಯ ಸ್ನಾಯುಗಳು ವಯಸ್ಸಿನೊಂದಿಗೆ ಸೊರಗುತ್ತವೆಯಾದರೂ, ದೇಹದ ಭಾರವನ್ನೇ ಎತ್ತಿಸುತ್ತಿದ್ದರೆ 70 ದಾಟಿದ ಮೇಲೂ ಬಲಗೊಳ್ಳುತ್ತವೆ. ಕೂರುವಾಗ ಧೊಪ್ಪನೆ ಬೀಳದೆ ಮೂರು ಎಣಿಸುವಷ್ಟು ನಿಧಾನಿಸಬೇಕು. ಅರ್ಧ ಲಾಭ ಇರುವುದು ಅಲ್ಲಿಯೇ ಎಂದು ನನ್ನ ಎಣಿಕೆ. 65 ದಾಟಿದವರು ವಾರಕ್ಕೆ ಕನಿಷ್ಠ 3 ದಿನ ಸಮತೋಲನ ಹಾಗೂ ಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕೊಡಗಿನ ಮಳೆ ಬೆಳಗಿನ ನಡಿಗೆಯನ್ನೇ ನಿಲ್ಲಿಸುವುದರಿಂದ ಇದು ಮನೆಯೊಳಗೇ ಆಗುವ ಕೆಲಸ. ಆರಂಭದಲ್ಲಿ ಏಳಲಾಗದಿದ್ದರೆ ಕುರ್ಚಿಯ ಮೇಲೆ ಗಟ್ಟಿ ದಿಂಬೊಂದನ್ನಿಟ್ಟು ಎತ್ತರಿಸಿಕೊಳ್ಳಬಹುದು. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಈಸಿಚೇರಂತೂ ಇದಕ್ಕೆ ಬೇಡವೇ ಬೇಡ. ಮಂಡಿ ಊದಿಕೊಂಡಿದ್ದರೆ ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರನ್ನು ಕೇಳದೆ ಮಾಡಬಾರದು. ಎದ್ದೊಡನೆ ಕಣ್ಣು ಕತ್ತಲೆಗಟ್ಟುವವರ ತೊಂದರೆ ಬಹುಮಟ್ಟಿಗೆ ರಕ್ತದೊತ್ತಡದ ಇಳಿತ ಇಲ್ಲವೆ ಮಾತ್ರೆಗಳಿಗೆ ಸಂಬಂಧಿಸಿದ್ದು. ಅದಕ್ಕೆ ಈ ಉಪಾಯ ನಾಟುವುದಿಲ್ಲ. ಅಂಗಳದ ಕಲ್ಲಿಗೆ ಹಿಡಿದ ಪಾಚಿಗೂ ಇದು ಮದ್ದಲ್ಲ, ಅದನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಯೇ ತೆಗೆಯಬೇಕು.