ಶನಿವಾರ, ಭಾನುವಾರ ಒಲೆಗೆ ರಜೆ: ನನ್ನ ಅನುಭವ

ಬೇಸಿಗೆ ರಜೆ ಬಂತೆಂದರೆ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತೇವೆ. ದಾವಣಗೆರೆ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್ ಕೊನೆಗೆ 38-39 ಡಿಗ್ರಿ ಮಾಮೂಲು. ಅಂಥ ಸೆಕೆಯಲ್ಲಿ ಒಬ್ಬರು ಎರಡೂ ದಿನ ಒಲೆ ಮುಂದೆ ಬೇಯಬೇಕು, ಉಳಿದವರು ಟಿವಿ ಮುಂದೆ ಕಾಲು ಚಾಚಿ ಕೂರಬೇಕು. ಇದು ನನಗೆ ಯಾವತ್ತೂ ಸರಿ ಕಂಡಿಲ್ಲ. ಅದಕ್ಕೇ ಗೊಜ್ಜು, ಶರಬತ್ತು, ಪುಡಿ ಎಲ್ಲವನ್ನೂ ಶುಕ್ರವಾರ ರಾತ್ರಿಯೇ ಮಾಡಿಟ್ಟು, ಆಮೇಲೆ ಬರೀ ಕಲಸಿ ಕೊಡುವ ಕ್ರಮ ಶುರು ಮಾಡಿದೆ. ‘ತಣ್ಣಗಿರೋ ಊಟ ಯಾರು ಮಾಡ್ತಾರೆ’ ಅಂದ ಅಣ್ಣ. ‘ಮಂಡಕ್ಕಿ ಮೆತ್ತಗಾಗ್ತದೆ ನೋಡು’ ಅಂದರು ಅತ್ತಿಗೆ. ಕುದುರಲು ಮೂರ್ನಾಲ್ಕು ಬೇಸಿಗೆ ಹಿಡಿಯಿತು, ನಿಜ. ಈಗ ಅದೇ ಅತ್ತಿಗೆ ಫೋನ್ ಮಾಡಿ ಗೊಜ್ಜಿನ ಅಳತೆ ಕೇಳುತ್ತಾರೆ.

ಮೊದಲು ದುಡ್ಡಿನ ಮಾತು. ಹಿಂದೆ ನಾವೂ ಆ್ಯಪ್‌ನಲ್ಲಿ ಊಟ ತರಿಸುತ್ತಿದ್ದೆವು. ಎರಡು ದಿನಕ್ಕೆ ಆರೂವರೆ ಏಳು ಸಾವಿರ ಆರಾಮಾಗಿ ಖರ್ಚಾಗುತ್ತಿತ್ತು. ಅದರಲ್ಲಿ ತಂಪು ಪಾನೀಯದ ಬಾಟಲಿಗೇ ಏಳೆಂಟು ನೂರು. ಐಪಿಎಲ್ ಕ್ರಿಕೆಟ್ ಮ್ಯಾಚ್ ಇದ್ದ ರಾತ್ರಿ ಎಂಟಕ್ಕೆ ಹೇಳಿದ್ದು ಹತ್ತಕ್ಕೆ ಬಂದದ್ದೂ ಉಂಟು. ಈಗ ಮಾವಿನಹಣ್ಣು ಸೇರಿ ಎರಡೂವರೆ, ಹೆಚ್ಚೆಂದರೆ ಮೂರು ಸಾವಿರದಲ್ಲಿ ಮುಗಿಯುತ್ತದೆ. ಹಣ್ಣಿನದೇ ಅದರಲ್ಲಿ ಸಾವಿರದ ಹತ್ತಿರ. ಅಲ್ಲಿ ನಾನು ಕೈ ಬಿಗಿ ಹಿಡಿಯುವುದಿಲ್ಲ.

ಮಂಡಕ್ಕಿ ವಿಷಯಕ್ಕೆ ಬರೋಣ, ಯಾಕೆಂದರೆ ಸೋತದ್ದೆಲ್ಲ ಅಲ್ಲೇ. ಸಂಜೆ ಆರಕ್ಕೆ ಕಲಸಿ ಡಬ್ಬಿಯಲ್ಲಿಟ್ಟರೆ ಮ್ಯಾಚ್‌ನ ಪವರ್‌ಪ್ಲೇ, ಅಂದರೆ ಮೊದಲ ಆರು ಓವರ್, ಮುಗಿಯುವಷ್ಟರಲ್ಲಿ ಮುದ್ದೆ. ಹಸಿ ಈರುಳ್ಳಿ, ಟೊಮೆಟೊ ಬಿಟ್ಟು ಬರೀ ಒಗ್ಗರಣೆ ಹಾಕಿಟ್ಟರೂ, ಬಿಸಿ ಇರುವಾಗ ಮುಚ್ಚಳ ಹಾಕಿದರೆ ಒಳಗೆ ಹಬೆ ಕೂತು ಹಾಳು. ಮುಚ್ಚದೇ ಇಟ್ಟರೆ ಮಳೆ ಮೋಡದ ದಿನ ಗಾಳಿಯ ತೇವವೇ ಸಾಕು. ಒಂದು ಸಲ ಐದಾರು ಸೇರು ಮಂಡಕ್ಕಿ ಎದುರು ಮನೆ ಎಮ್ಮೆ ಪಾಲಾಯಿತು.

ದಾರಿ ಸಿಕ್ಕಿದ್ದು ಬಿಸಿಲಿನಿಂದಲೇ. ಶನಿವಾರ ಮಧ್ಯಾಹ್ನ ಮಹಡಿ ಮೇಲೆ ಹಳೇ ಪಂಚೆ ಹಾಸಿ ಮಂಡಕ್ಕಿ ಹರಡುತ್ತೇನೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಸಾಕು. ಒಂದು ಕಾಳು ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ಚಪ್ಪಟೆಯಾದರೆ ಇನ್ನೂ ಹತ್ತು ನಿಮಿಷ ಬಿಡಿ. ನೆರಳಿಗೆ ತಂದು, ಪೂರ್ತಿ ಆರಿದ ಮೇಲೆ ಗಟ್ಟಿ ಮುಚ್ಚಳದ ಡಬ್ಬಿಗೆ. ಗೊಜ್ಜು ಹುಬ್ಬಳ್ಳಿ ಕಡೆಯ ಗಿರ್ಮಿಟ್‌ದು. ಈರುಳ್ಳಿ, ಹಸಿಮೆಣಸು, ಅರಿಶಿನ, ಹುಣಸೆ ರಸ, ಬೆಲ್ಲ. ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಬಾಡಿಸಬೇಕು. ನೀರಿನಂಶ ಉಳಿದರೆ ಮತ್ತೆ ಅದೇ ಕಥೆ. ಫ್ರಿಜ್‌ನಲ್ಲಿ ಎರಡು ದಿನ ಏನೂ ಆಗುವುದಿಲ್ಲ. ಕಲಸುವಾಗ ಮೊದಲು ಮಂಡಕ್ಕಿಗೆ ಪುಟಾಣಿ ಹಿಟ್ಟು, ನಾಲ್ಕು ಚಮಚ ಎಣ್ಣೆ. ಆಮೇಲೆ ಗೊಜ್ಜು. ಹಸಿ ಈರುಳ್ಳಿ, ಕೊತ್ತಂಬರಿ ತಟ್ಟೆಗೆ ಹಾಕಿದ ಮೇಲೆಯೇ. ಗೊಜ್ಜು ಇಳಿಸುವ ಮುಂಚೆ ನಾನು ಒಂದು ಪುಡಿ ಹಾಕುತ್ತೇನೆ. ಅದನ್ನು ಅಣ್ಣನಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಐಪಿಎಲ್‌ನಲ್ಲಿ ಸ್ಟ್ರಾಟೆಜಿಕ್ ಟೈಮ್ಔಟ್, ಅಂದರೆ ಆಟದ ನಡುವಿನ ಸಣ್ಣ ವಿರಾಮ, ಎರಡೂವರೆ ನಿಮಿಷ ಅಲ್ವಾ? ಹನ್ನೆರಡು ತಟ್ಟೆ ಮಂಡಕ್ಕಿಗೆ ಅಷ್ಟು ಸಾಕು. ಒಬ್ಬರು ಕಲಸುವುದು, ಒಬ್ಬರು ತಟ್ಟೆ ಹಂಚುವುದು. ಒಂದು ಬಾಲೂ ತಪ್ಪುವುದಿಲ್ಲ.

ಮಿರ್ಚಿ ಮಾತ್ರ ಬಿಸಿಯಾಗಿಯೇ ಆಗಬೇಕು. ದಾವಣಗೆರೆಯವರ ಮುಂದೆ ತಣ್ಣಗಿನ ಮಿರ್ಚಿ ಇಡುವ ಧೈರ್ಯ ಯಾರಿಗಿದೆ? ಎರಡು ದಿನದಲ್ಲಿ ಒಲೆ ಹಚ್ಚುವುದು ಮುಖ್ಯವಾಗಿ ಇದಕ್ಕೇ. ಮೆಣಸಿನಕಾಯಿ ಸೀಳಿ, ಅಜವಾನ, ಉಪ್ಪು, ಹುಣಸೆ ಸವರಿ ಒದ್ದೆ ಬಟ್ಟೆ ಮುಚ್ಚಿಟ್ಟಿರುತ್ತೇನೆ. ಕಡಲೆಹಿಟ್ಟಿಗೆ ಖಾರದ ಪುಡಿ, ಇಂಗು ಒಣದಾಗಿಯೇ ಬೆರೆಸಿ ಡಬ್ಬಿಯಲ್ಲಿರುತ್ತದೆ. 19ನೇ ಓವರ್ ಶುರುವಾದಾಗ ಬಾಣಲೆ ಒಲೆ ಮೇಲೆ, 20ನೇ ಓವರಿಗೆ ಹಿಟ್ಟಿಗೆ ನೀರು. ಇನ್ನಿಂಗ್ಸ್ ನಡುವಿನ ಇಪ್ಪತ್ತು ನಿಮಿಷದಲ್ಲಿ ಮೂವತ್ತು ಮಿರ್ಚಿ ಇಳಿಯುತ್ತವೆ. ಸೋಡಾ ಮೊದಲೇ ಹಾಕಿಟ್ಟರೆ ಹಿಟ್ಟು ಸಪ್ಪೆ ಹೊಡೆಯುತ್ತದೆ, ಕೊನೆ ಗಳಿಗೆಯಲ್ಲಿ ಚಿಟಿಕೆ ಸಾಕು.

ಇನ್ನು ಕುಡಿಯುವುದು. ಬೇಲದ ಹಣ್ಣು ಸಿಕ್ಕರೆ ಬೆಲ್ಲ, ಏಲಕ್ಕಿ ಹಾಕಿ ಕಿವುಚಿ ಸೋಸಿ ಗಟ್ಟಿ ಪಾನಕ ಮಾಡಿಡುತ್ತೇನೆ, ಕೊಡುವಾಗ ನೀರು. ಪುನರ್ಪುಳಿ (ಕೋಕಂ) ಸಿಪ್ಪೆ ಮಂಗಳೂರಿನ ಕಡೆಯ ಗೆಳೆಯರು ಕಳಿಸುತ್ತಾರೆ. ರಾತ್ರಿ ನೆನೆಸಿ, ಆ ನೀರಿಗೇ ಸಕ್ಕರೆ ಹಾಕಿ ಕುದಿಸಿದರೆ ಶರಬತ್ತು ತಯಾರು. ಲಿಂಬೆ ಶರಬತ್ತಿಗೆ ಪಾಕ ಪೂರ್ತಿ ಆರಿದ ಮೇಲೆಯೇ ರಸ ಹಿಂಡಿ. ಬಿಸಿ ಪಾಕಕ್ಕೆ ಹಿಂಡಿದರೆ ಆ ತಾಜಾ ಘಮ ಹೋಗುತ್ತದೆ.

ನನ್ನ ಹೆಮ್ಮೆ ಮಜ್ಜಿಗೆ. ಎಲ್ಲರೂ ಮಜ್ಜಿಗೆಗೆ ಐಸ್ ಹಾಕುತ್ತಾರೆ, ಅರ್ಧ ಲೋಟ ಕುಡಿಯುವಷ್ಟರಲ್ಲಿ ಅದು ನೀರು. ನಾನು ಮಜ್ಜಿಗೆಯನ್ನೇ ಐಸ್ ಮಾಡುತ್ತೇನೆ. ಶುಂಠಿ, ಹಸಿಮೆಣಸು, ಕರಿಬೇವು, ಕೊತ್ತಂಬರಿ, ಇಂಗು ಜಜ್ಜಿ, ಗಟ್ಟಿ ಮಜ್ಜಿಗೆಗೆ ಬೆರೆಸಿ ಐಸ್ ಟ್ರೇಗೆ ಹುಯ್ಯುತ್ತೇನೆ. ಲೋಟಕ್ಕೆ ಎರಡು ತುಂಡು, ಮೇಲೆ ತೆಳು ಮಜ್ಜಿಗೆ. ಕರಗಿದಷ್ಟೂ ರುಚಿ ಏರುತ್ತದೆ. ಕರಗುವಾಗ ಸ್ವಲ್ಪ ತರಿತರಿಯಾಗಿ ಒಡೆದಂತೆ ಕಾಣುತ್ತದೆ, ಚಮಚದಲ್ಲಿ ತಿರುಗಿಸಿದರೆ ಸರಿ. ಸಣ್ಣ ಮಕ್ಕಳಿಗೆ ಮೆಣಸಿಲ್ಲದ ಟ್ರೇ ಬೇರೆ. ಮಾವಿನ ತಿರುಳನ್ನೂ ಹೀಗೇ ಹೆಪ್ಪುಗಟ್ಟಿಸಿ ನೋಡಿದೆ. ರಸಪುರಿ ಚೆನ್ನಾಗಿ ಬಂತು. ತೋತಾಪುರಿ ಹುಳಿಹುಳಿ, ಬೇಡ.

ಮಧ್ಯಾಹ್ನದ ಊಟಕ್ಕೆ ಶನಿವಾರ ಮೊಸರನ್ನ, ಭಾನುವಾರ ಮಾವಿನಕಾಯಿ ಚಿತ್ರಾನ್ನ. ಗೊಜ್ಜು ಮೊದಲೇ ಇರುತ್ತದೆ, ಬೆಳಿಗ್ಗೆ ತಂಪು ಹೊತ್ತಲ್ಲಿ ಕುಕ್ಕರ್ ಒಂದು ಕೂಗಿಸಿದರೆ ಆಯಿತು. ಮೊಸರನ್ನಕ್ಕೆ ಹಾಲೇ ಜಾಸ್ತಿ, ಮೊಸರು ಎರಡು ಚಮಚ. ಮಧ್ಯಾಹ್ನದ ಹೊತ್ತಿಗೆ ತಾನೇ ಹದವಾಗಿ ಹೆಪ್ಪಾಗಿರುತ್ತದೆ. ಜೊತೆಗೆ ಸಂಡಿಗೆ, ಉಪ್ಪಿನಕಾಯಿ. ‘ತಣ್ಣಗಿರೋ ಊಟ’ ಅಂದ ಅಣ್ಣ ಮೂರು ಸಲ ಬಡಿಸಿಕೊಂಡ.

ಟಿವಿ ಕಡೆ ಸಮಸ್ಯೆ ಬೇರೆ. ರಿಮೋಟ್ ಜಗಳಕ್ಕೆ ಫ್ರಿಜ್ ಮೇಲೆ ವೇಳಾಪಟ್ಟಿ ಅಂಟಿಸಿದೆ. ಹನ್ನೊಂದರವರೆಗೆ ಮಕ್ಕಳದು, ಮೂರರವರೆಗೆ ಅಮ್ಮ ಹೇಳಿದ ಹಳೇ ಸಿನಿಮಾ, ಆಮೇಲೆ ಮ್ಯಾಚ್. ಎರಡು ಮ್ಯಾಚ್ ಇದ್ದ ದಿನ ಮೂರೂವರೆಗೆ ಒಂದು, ಏಳೂವರೆಗೆ ಇನ್ನೊಂದು. ಒಂದೇ ಇದ್ದರೆ ಏಳೂವರೆಗೆ. ಮೊಬೈಲ್ ಆ್ಯಪ್‌ನಿಂದ ಟಿವಿಗೆ ಹಾಕಿದರೆ ಚಿತ್ರ ಹಿಂದೆ ಬೀಳುತ್ತದೆ. ಪಕ್ಕದ ಮನೆಯವರು ಸಿಕ್ಸರ್‌ಗೆ ಕೂಗಿದ ಮೇಲೆ ನಮಗೆ ಬೌಲರ್ ಓಡಿ ಬರುವುದು ಕಾಣುತ್ತದೆ. ಅದಕ್ಕೇ ಮ್ಯಾಚ್‌ಗೆ ಡಿಶ್. ಆದರೆ ಮೇ ತಿಂಗಳ ಸಂಜೆ ಗುಡುಗು ಮಳೆ ಬಂದರೆ ಡಿಶ್ ಸಿಗ್ನಲ್ ಹೋಗುತ್ತದೆ, ಆಗ ಆ್ಯಪ್ ಕೈ ಹಿಡಿಯುತ್ತದೆ. ಎರಡೂ ಇರಲಿ.

ಕರೆಂಟ್ ಬಗ್ಗೆ ಒಂದು ಮಾತು. ನಮ್ಮದು 150 ಆಂಪಿಯರ್ ಅವರ್ ಬ್ಯಾಟರಿಯ ಯುಪಿಎಸ್. ಟಿವಿ, ವೈಫೈ, ಒಂದು ಫ್ಯಾನ್ ಸೇರಿ ಇನ್ನೂರು ವ್ಯಾಟ್ ಆಸುಪಾಸು. ಐದಾರು ಗಂಟೆ ಎಳೆಯುತ್ತದೆ. ಫ್ರಿಜ್ ಅದಕ್ಕೆ ಹಾಕಬೇಡಿ. ಶುಕ್ರವಾರವೇ ಎರಡು ಸ್ಟೀಲ್ ಟಿಫಿನ್ ಬಾಕ್ಸ್‌ನಲ್ಲಿ ದೊಡ್ಡ ಐಸ್ ಗಡ್ಡೆ ಮಾಡಿಡಿ. ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ಫ್ರೀಜರ್ ಮೂರ್ನಾಲ್ಕು ಗಂಟೆ ತಂಪಾಗಿಯೇ ಇರುತ್ತದೆ.

ಮಹಡಿ ಮೇಲೆ ಪ್ರೊಜೆಕ್ಟರ್ ಹಾಕುವ ಪ್ರಯೋಗವನ್ನೂ ಮಾಡಿದೆ. ಬಾಡಿಗೆ ಸಾವಿರದ ಆಸುಪಾಸು, ಪರದೆಗೆ ಬಿಳಿ ಪಂಚೆ. ಏಳರವರೆಗೆ ಬೆಳಕಿರುತ್ತದೆ, ಚಿತ್ರ ಮಸುಕು. ಗಾಳಿಗೆ ಪಂಚೆ ಅಲ್ಲಾಡಿದರೆ ಬಾಲ್ ಎಲ್ಲಿ ಹೋಯಿತು ಅನ್ನುವುದೇ ತಿಳಿಯುವುದಿಲ್ಲ. ಕೆಳಗೆ ನಾಲ್ಕು ಇಟ್ಟಿಗೆ ಕಟ್ಟಿದ ಮೇಲೆ ಪರವಾಗಿಲ್ಲ. ಕಾಂಕ್ರೀಟ್ ರಾತ್ರಿ ಒಂಬತ್ತಾದರೂ ಕಾವು ಬಿಡುತ್ತದೆ. ಐದೂವರೆಗೆ ಏಳೆಂಟು ಬಕೆಟ್ ನೀರು ಎರಚಿದರೆ ಚಾಪೆ ಹಾಸಿ ಕೂರಬಹುದು. ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ. ಖರ್ಚು ನೋಡಿದರೆ ವರ್ಷಕ್ಕೊಂದು ಸಲ ಸಾಕು.

ಈ ಕ್ರಮದ ನಿಜವಾದ ಪರೀಕ್ಷೆ ನಡೆದದ್ದು ವಾರಾಂತ್ಯದಲ್ಲೂ ಅಲ್ಲ. 2025ರ ಜೂನ್ 3, ಮಂಗಳವಾರ, ಐಪಿಎಲ್ ಫೈನಲ್. ಸಂಜೆ ಬೀದಿಯವರೂ ಸೇರಿ ಇಪ್ಪತ್ತರ ಮೇಲೆ ಜನ. ಗೊಜ್ಜು, ಮಜ್ಜಿಗೆ ಐಸ್ ಹಿಂದಿನ ರಾತ್ರಿಯೇ ತಯಾರಿತ್ತು. ಆರ್‌ಸಿಬಿ 190 ಹೊಡೆದು ಇಳಿಯಿತು, ನಾನು ಎಣ್ಣೆಗೆ ಮಿರ್ಚಿ ಬಿಟ್ಟೆ. ಪಂಜಾಬ್‌ಗೆ ಕೊನೇ ಓವರಿಗೆ 29 ಬೇಕಿದ್ದಾಗ ಅಡುಗೆಮನೆಯಲ್ಲಿ ಒಬ್ಬರೂ ಇರಲಿಲ್ಲ, ಅತ್ತಿಗೆ ನನ್ನ ಪಕ್ಕದಲ್ಲೇ ಕೂತಿದ್ದರು. 6 ರನ್‌ನಲ್ಲಿ ಗೆದ್ದೆವು. 2008ರ ಮೊದಲ ಮ್ಯಾಚ್‌ನಿಂದ ಕಪ್‌ಗಾಗಿ ಕಾದಿದ್ದವರು ನಾವು. ಆ ಕೊನೇ ಓವರನ್ನು ಮನೆಯವರೆಲ್ಲ ಒಟ್ಟಿಗೆ ನೋಡಿದ್ದೇ ನನಗೆ ದೊಡ್ಡದು.

ಈ ಮೇ ತಿಂಗಳಿಗೆ ಅಂಟಿನುಂಡೆ, ಖಾರದ ಅವಲಕ್ಕಿ ಕೂಡ ಸೇರಿಸುವ ಯೋಚನೆ ಇದೆ. ಮಂಡಕ್ಕಿಯನ್ನು ಅಂಗಡಿ ಬಿಟ್ಟು ನೇರ ಭಟ್ಟಿಯಿಂದಲೇ ತರುತ್ತೇನೆ. ಚೀಲಕ್ಕೆ ನೂರು ರೂಪಾಯಿ ಆದರೂ ಉಳಿಯುತ್ತದೆ, ಮೇಲಾಗಿ ಬಿಸಿ ಬಿಸಿ ಸಿಗುತ್ತದೆ.