ಎಚ್‌ಐವಿ ಕಿಟ್‌ಗಳನ್ನು ನಾವು ಹೋಲಿಸಿ ನೋಡಿದ್ದು ಹೀಗೆ

ಕಿಟ್ ಡಬ್ಬಿಯೊಳಗಿನ ಚೀಟಿ ಓದಿದರೆ ಎಲ್ಲ ಕಂಪನಿಯವರದ್ದೂ ನಿಖರತೆ ಶೇ. 99ಕ್ಕಿಂತ ಜಾಸ್ತಿ. ಅದನ್ನು ನಂಬಿ ಆರಿಸೋದು ಹೇಗೆ? ಹಾಗಾಗಿ ಲ್ಯಾಬ್‌ನಲ್ಲಿ ಒಂದು ರ‍್ಯಾಪಿಡ್ ಕಿಟ್ (ಪಟ್ಟಿಯ ಮೇಲೆ ಗೆರೆ ಮೂಡುವಂಥದ್ದು), ಒಂದು ಮೂರನೇ ಜನರೇಷನ್ ಎಲೈಸಾ (ಪ್ಲೇಟಿನ ಪುಟ್ಟ ಗುಳಿಗಳಲ್ಲಿ ಬಣ್ಣ ಬರುತ್ತದಾ ಅಂತ ನೋಡುವ ಲ್ಯಾಬ್ ಪರೀಕ್ಷೆ), ಒಂದು ನಾಲ್ಕನೇ ಜನರೇಷನ್ ಎಲೈಸಾ ತಗೊಂಡು, ಅದೇ ಸ್ಯಾಂಪಲ್‌ಗಳನ್ನು ಮೂರರಲ್ಲೂ ಹಾಕಿದೆವು.

ಯಾವುದು ನಿಜಕ್ಕೂ ಪಾಸಿಟಿವ್ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಬೇಕಲ್ವಾ. ಇದಕ್ಕೆ ವೆಸ್ಟರ್ನ್ ಬ್ಲಾಟ್ ಅನ್ನುವ ಖಚಿತ ಮಾಡಿಕೊಳ್ಳುವ ಪರೀಕ್ಷೆ ಒಂದೇ ಸಾಲದು. ಸೋಂಕು ತಗುಲಿದ ಹೊಸದರಲ್ಲಿ ಅದೂ ನೆಗೆಟಿವ್ ಬರಬಹುದು. ಅಂಥವನ್ನು ವೈರಸ್‌ನ ಆರ್‌ಎನ್‌ಎ ಹುಡುಕುವ ನ್ಯಾಟ್ ಪರೀಕ್ಷೆಗೆ ಕಳಿಸಿದೆವು.

ಟ್ಯೂಬ್‌ಗಳ ಮೇಲೆ ಬರೀ ಕೋಡ್ ಹಾಕಿದ್ದೆವು. ಪಾಸಿಟಿವ್ ಅಂತ ಗೊತ್ತಿದ್ದರೆ ಕಣ್ಣು ಇಲ್ಲದ ಗೆರೆಯನ್ನೂ ಕಾಣುತ್ತದೆ! ರ‍್ಯಾಪಿಡ್ ಪಟ್ಟಿಯನ್ನು ಇಬ್ಬರು ಬೇರೆ ಬೇರೆಯಾಗಿ ಓದಿದರು, ಪಕ್ಕದಲ್ಲಿ ಟೈಮರ್ ಇತ್ತು. ಗೆರೆ ಎಷ್ಟೇ ಮಸುಕಾಗಿದ್ದರೂ ಅದು ರಿಯಾಕ್ಟಿವ್, ಅಂದರೆ ಆ ಕಿಟ್ ಮಟ್ಟಿಗೆ ಪಾಸಿಟಿವ್. ಹೇಳಿದ ಹೊತ್ತು ದಾಟಿದ ಮೇಲೆ ಮೂಡಿದ ಗೆರೆಗೆ ಮಾತ್ರ ಬೆಲೆಯಿಲ್ಲ.

ಹಳೇ ಸೋಂಕಿನ ಸ್ಯಾಂಪಲ್‌ಗಳನ್ನು ಮೂರೂ ಕಿಟ್‌ಗಳು ಹಿಡಿದವು. ಅವನ್ನಷ್ಟೇ ಇಟ್ಟುಕೊಂಡಿದ್ದರೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಬಣ್ಣ ಬಯಲಾಗಿದ್ದು ಸಿರೋಕನ್ವರ್ಷನ್ ಪ್ಯಾನೆಲ್‌ನಲ್ಲಿ, ಅಂದರೆ ಒಬ್ಬರದೇ ರಕ್ತವನ್ನು ಸೋಂಕಿನ ಶುರುವಿನಿಂದ ಆಗಾಗ ತೆಗೆದಿಟ್ಟ ಸರಣಿಯಲ್ಲಿ. ನಾಲ್ಕನೇ ಜನರೇಷನ್ ಎಲೈಸಾ, ಸೋಂಕಿಗೆ ಎದುರಾಗಿ ದೇಹ ತಯಾರಿಸುವ ಆಂಟಿಬಾಡಿ ಜೊತೆ, ವೈರಸ್‌ನದೇ ಪ್ರೋಟೀನ್ ಆದ ಪಿ24 ಆಂಟಿಜೆನ್ ಅನ್ನೂ ಹುಡುಕುತ್ತದೆ. ರ‍್ಯಾಪಿಡ್ ಪಟ್ಟಿ ಖಾಲಿಯಾಗಿದ್ದಾಗಲೇ ಈ ಎಲೈಸಾದ ಓಡಿ (ಬಣ್ಣ ಎಷ್ಟು ಗಾಢ ಅನ್ನುವ ಅಳತೆ) ಕಟ್‌ಆಫ್, ಅಂದರೆ ರಿಯಾಕ್ಟಿವ್ ಅನ್ನುವ ಗಡಿ, ದಾಟಿತ್ತು. ಸೋಂಕು ತಗುಲಿ 18ರಿಂದ 45 ದಿನದೊಳಗೆ ಇಂಥ ಲ್ಯಾಬ್ ಪರೀಕ್ಷೆ ಸಾಮಾನ್ಯವಾಗಿ ಹಿಡಿಯುತ್ತದೆ. ರ‍್ಯಾಪಿಡ್ ಆಂಟಿಬಾಡಿ ಪರೀಕ್ಷೆಗೆ 23ರಿಂದ 90 ದಿನ ಹಿಡಿಯಬಹುದು.

ಲೆಕ್ಕ ಹಾಕುವಾಗ ಒಂದು ಎಚ್ಚರ. 100 ಪಾಸಿಟಿವ್‌ಗಳಲ್ಲಿ ಒಂದೂ ತಪ್ಪಲಿಲ್ಲ ಅಂದರೆ ಸೆನ್ಸಿಟಿವಿಟಿ (ಸೋಂಕಿದ್ದವರನ್ನು ಹಿಡಿಯುವ ಪ್ರಮಾಣ) ಶೇ. 100 ಅಂತಲ್ಲ, 97ರ ಆಸುಪಾಸಿನಲ್ಲೂ ಇರಬಹುದು. ಚಿಕ್ಕ ಹೋಲಿಕೆಗಳನ್ನು ನಾನು ಇದೇ ಕಾರಣಕ್ಕೆ ಅಷ್ಟಾಗಿ ನಂಬುವುದಿಲ್ಲ.

ನನ್ನ ಮಟ್ಟಿಗೆ ಇನ್ನೂ ಮುಖ್ಯವಾದದ್ದು ಸ್ಪೆಸಿಫಿಸಿಟಿ, ಅಂದರೆ ಸೋಂಕಿಲ್ಲದವರನ್ನು ಸರಿಯಾಗಿ ನೆಗೆಟಿವ್ ಅನ್ನುವ ಪ್ರಮಾಣ. 10,000 ಜನರಲ್ಲಿ 10 ಜನಕ್ಕೆ ಸೋಂಕಿದೆ ಅಂದುಕೊಳ್ಳಿ. ಸ್ಪೆಸಿಫಿಸಿಟಿ 99.5 ಇರುವ ಕಿಟ್ ಆ ಹತ್ತನ್ನೂ ಹಿಡಿದರೂ, ಜೊತೆಗೆ ಸೋಂಕಿಲ್ಲದ ಸುಮಾರು 50 ಜನರನ್ನು ರಿಯಾಕ್ಟಿವ್ ಅನ್ನುತ್ತದೆ. 60ರಲ್ಲಿ ನಿಜವಾದದ್ದು 10 ಮಾತ್ರ! ಅದೇ 99.9 ಆದರೆ ಆ 50 ಇಳಿದು ಸುಮಾರು 10 ಆಗುತ್ತದೆ. ಡಬ್ಬಿಯ ಮೇಲೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಸುಳ್ಳು ರಿಯಾಕ್ಟಿವ್‌ಗಳಲ್ಲಿ ಕೆಲವು ಮತ್ತೆ ಹಾಕಿದಾಗ ಮಾಯವಾದವು. ಪ್ಲೇಟ್ ಸರಿಯಾಗಿ ವಾಷ್ ಆಗದಿದ್ದರೂ ಬಾವಿಯಲ್ಲಿ (ಪ್ಲೇಟಿನ ಗುಳಿಯಲ್ಲಿ) ಬಣ್ಣ ಉಳಿಯುತ್ತದೆ.

ಕೊನೆಗೆ ಸ್ಕ್ರೀನಿಂಗ್‌ಗೆ ನಾಲ್ಕನೇ ಜನರೇಷನ್ ಎಲೈಸಾ ಆರಿಸಿದೆವು. ರಿಯಾಕ್ಟಿವ್ ಬಂದದ್ದನ್ನು ಎರಡು ಬಾವಿಗಳಲ್ಲಿ ಮತ್ತೆ ಹಾಕಿ, ಆಮೇಲೆ ರ‍್ಯಾಪಿಡ್ ಮಾಡುತ್ತೇವೆ. ಎಲೈಸಾ ರಿಯಾಕ್ಟಿವ್, ರ‍್ಯಾಪಿಡ್ ಖಾಲಿ ಅಂತಾದರೆ ಸುಮ್ನೆ ನೆಗೆಟಿವ್ ಅಂತ ಬರೆದು ಕಳಿಸುವುದಿಲ್ಲ. ನ್ಯಾಟ್‌ಗೆ ಕಳಿಸಿ, ಹೊಸದಾಗಿ ರಕ್ತ ಕೇಳುತ್ತೇವೆ.