ಕಲಬುರಗಿಯಿಂದ ಕಡಲಿಗೆ: ನಡುವಯಸ್ಸಿನಲ್ಲಿ ಹಾಯಿ ಹಿಡಿದವರು ಎಲ್ಲಿ ನೆಲೆಸಬೇಕು?

ಹಾಯಿದೋಣಿ ನಡೆಸುವುದನ್ನು ಕಲಿಯುತ್ತಿದ್ದೇನೆ ಎಂದು 48ನೇ ವಯಸ್ಸಿನಲ್ಲಿ ಹೇಳಿಕೊಂಡಾಗ, ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಚಹಾ ಅಂಗಡಿಯಲ್ಲಿ ಗೆಳೆಯ ಕೇಳಿದ್ದು ಒಂದೇ ಮಾತು: "ಅಲ್ಲಪಾ, ನಳಕ್ಕ ನೀರ ಬರೂದ ನಾಕ ದಿನಕ್ಕೊಮ್ಮಿ. ನೀ ಹಡಗ ಎಲ್ಲಿ ನಡಸ್ತಿ?"

ನಕ್ಕುಬಿಟ್ಟೆ. ಆದರೆ ಪ್ರಶ್ನೆ ಬಿಡಲಿಲ್ಲ. ನಮ್ಮ ಕಡೆಯವರು ನೀರು ಕಾಣದವರೇನಲ್ಲ. ಭೀಮೆ, ಬೆಣ್ಣೆತೊರೆ, ಬೀದರಿನ ಕಾರಂಜಾ, ಯಾದಗಿರಿ ಕಡೆಯ ಕೃಷ್ಣೆ ಎಲ್ಲವೂ ಇವೆ. ಕೃಷ್ಣೆಯ ನಡುಗಡ್ಡೆ ನೀಲಕಂಠರಾಯನಗಡ್ಡಿಯವರು ಹರಿಗೋಲಿನಲ್ಲಿ ಹೊಳೆ ದಾಟಿದವರು. ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು ನನ್ನ ವಯಸ್ಸಿನಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಇಲ್ಲಿ ಇಲ್ಲದ್ದು ಹಾಯಿ ಮಾತ್ರ. ಅದರ ಹುಚ್ಚು ಹತ್ತಿದ ಮೂರನೇ ತಿಂಗಳಿಗೆ ಎಲ್ಲರ ತಲೆಯಲ್ಲೂ ಒಂದೇ ಯೋಚನೆ ಬರುತ್ತದೆ: ಇಲ್ಲಿನ ಮನೆ ಮಾರಿ ಸಮುದ್ರದ ದಂಡೆಗೆ ಹೋಗಿಬಿಡೋಣ. ನನಗೂ ಬಂದಿತ್ತು. ಆ ಯೋಚನೆಯನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದಷ್ಟೇ ಈ ಬರಹ.

ವಯಸ್ಸಾಯಿತಲ್ಲ ಎಂಬ ಅಳುಕಿದ್ದರೆ ಮೊದಲು ಅದನ್ನು ಬಿಡಿ. ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲ ಭಾರತೀಯ ದಿಲೀಪ್ ದೋಂಡೆ 2009ರ ಆಗಸ್ಟಿನಲ್ಲಿ ಮುಂಬೈ ಬಿಟ್ಟು 2010ರ ಮೇ ತಿಂಗಳಲ್ಲಿ ವಾಪಸು ಬಂದಾಗ ಅವರಿಗೆ 42. ಇಂಗ್ಲೆಂಡಿನ ಫ್ರಾನ್ಸಿಸ್ ಚಿಚೆಸ್ಟರ್ ಹಾಯಿದೋಣಿಗೆ ಇಳಿದದ್ದೇ 50 ದಾಟಿದ ಮೇಲೆ. 1967ರಲ್ಲಿ ಭೂಮಿ ಸುತ್ತಿ ಬಂದಾಗ 65. ದೋಂಡೆ ನೌಕಾಪಡೆಯವರು, ನಮ್ಮ ಮೊಣಕಾಲು ಬ್ಯಾಂಕಿನ ಕುರ್ಚಿಯಲ್ಲಿ ಸವೆದದ್ದು ಎಂಬುದು ಬೇರೆ ಮಾತು.

ಊರಿಗಿಂತ ಮೊದಲು ನೀರು ಆರಿಸಿ

ಕೆರೆ, ಅಳಿವೆ (ಹೊಳೆ ಕಡಲು ಸೇರುವ ಜಾಗ), ಕಡಲು. ಈ ಮೂರರಲ್ಲಿ ನಿಮಗೆ ಬೇಕಾದದ್ದು ಯಾವುದು? ಕೆರೆಯಲ್ಲಿ ನಡೆಸುವುದು ಡಿಂಗಿ ಎಂಬ ಚಿಕ್ಕ ದೋಣಿ. ಎಲ್ಲ ಕಡೆ ಕಾಣುವ ಲೇಸರ್ ದೋಣಿಯ ಉದ್ದ ಸುಮಾರು 4.2 ಮೀಟರ್, ತೂಕ 60 ಕಿಲೋ ಒಳಗೆ, ಒಬ್ಬರೇ ನಡೆಸುವಂಥದ್ದು. ಗಾಳಿ ಜೋರಾದರೆ ಮೈಯೆಲ್ಲ ಹೊರಗೆ ಚಾಚಿ ದೋಣಿಯನ್ನು ಸಮತೂಕದಲ್ಲಿ ಹಿಡಿಯಬೇಕು. ಹೊಟ್ಟೆ, ತೊಡೆ ಎರಡಕ್ಕೂ ಪರೀಕ್ಷೆ. ಇಬ್ಬರು ನಡೆಸುವ ಎಂಟರ್‌ಪ್ರೈಸ್ ಡಿಂಗಿ ನಮ್ಮ ವಯಸ್ಸಿಗೆ ವಾಸಿ.

ಕಡಲಿಗೆ ಹೋಗುವ 30 ಅಡಿ ಯಾಟ್, ಅಂದರೆ ದೊಡ್ಡ ಹಾಯಿದೋಣಿ, ಬೇರೆಯೇ ಪ್ರಾಣಿ. ಅದರ ಅಡಿಯಲ್ಲಿ ಕೀಲ್ ಎಂಬ ಭಾರದ ರೆಕ್ಕೆ ಇರುತ್ತದೆ. ಹಾಗಾಗಿ ಸುಲಭಕ್ಕೆ ಮಗುಚುವುದಿಲ್ಲ, ಆದರೆ ತೇಲಲು ಒಂದೂವರೆ-ಎರಡು ಮೀಟರ್ ಆಳ ಬೇಕು. ಡಿಂಗಿಯನ್ನು ನಾಲ್ಕು ಜನ ಹೊತ್ತು ಶೆಡ್ಡಿಗೆ ಹಾಕುತ್ತಾರೆ. ಯಾಟಿಗೆ ವರ್ಷವಿಡೀ ತಂಗುದಾಣ, ಕಾವಲು, ಮಳೆಗಾಲದಲ್ಲಿ ದಡಕ್ಕೆ ಎತ್ತಿಡುವ ಕ್ರೇನು ಇವೆಲ್ಲ ಬೇಕು. ಡಿಂಗಿ ಸಾಕು ಅನ್ನುವವರು ಊರು ಬಿಡುವ ಪ್ರಶ್ನೆಯೇ ಇಲ್ಲ. ಯಾಕೆಂದರೆ ನಮ್ಮ ಹುಸೇನ್ ಸಾಗರ ಹತ್ತಿರವೇ ಇದೆ.

'ನಮ್ಮ' ಎಂದದ್ದು ಸುಮ್ಮನಲ್ಲ. 1560ರ ದಶಕದಲ್ಲಿ ಕುತುಬ್‌ಶಾಹಿಗಳಿಗಾಗಿ ಆ ಕೆರೆ ಕಟ್ಟಿಸಿದ ಹುಸೇನ್ ಷಾ ವಲಿ ಕಲಬುರಗಿಯ ಖಾಜಾ ಬಂದೇನವಾಜರ ವಂಶದವರೆಂದೇ ಹೇಳುತ್ತಾರೆ. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿ.ಮೀ., ಕಲಬುರಗಿಯಿಂದ 220ರ ಆಸುಪಾಸು. ಅಲ್ಲಿ ಯಾಟ್ ಕ್ಲಬ್ ಆಫ್ ಹೈದರಾಬಾದ್ ಇದೆ, ಸೇನೆಯ ಇಎಂಇ ಸೈಲಿಂಗ್ ಅಸೋಸಿಯೇಷನ್ ಇದೆ. ಸುತ್ತ ಎದ್ದಿರುವ ಕಟ್ಟಡಗಳಿಂದಾಗಿ ಗಾಳಿ ಗಳಿಗೆಗೊಂದು ದಿಕ್ಕಿನಿಂದ ಬೀಸುತ್ತದೆ. ಮೊದಲು ಕಿರಿಕಿರಿ ಅನಿಸುತ್ತದೆ, ಆದರೆ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ನೀರಿನ ವಾಸನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ವಾರ ದೋಣಿ ಮಗುಚಿ ಎರಡು ಗುಟುಕು ಕುಡಿದವನು ನಾನು. ಬಾಯಿ ಮುಚ್ಚಿಕೊಂಡು ಬೀಳುವುದನ್ನೂ ಕಲಿಯಬೇಕು.

ಗಾಳಿಯ ಪಂಚಾಂಗ ಬರೆದುಕೊಳ್ಳಿ

ಸಮುದ್ರದ ಊರು ಹುಡುಕುವವರು ಮಾಡುವ ದೊಡ್ಡ ತಪ್ಪು ಡಿಸೆಂಬರಿನಲ್ಲಿ ನೋಡಲು ಹೋಗುವುದು. ಡಿಸೆಂಬರಿನಲ್ಲಿ ಪಶ್ಚಿಮ ಕರಾವಳಿಯ ಯಾವ ಊರೂ ಚಂದವೇ. ಬೆಳಗ್ಗೆ ನೆಲದ ಕಡೆಯಿಂದ ಮೆಲ್ಲನೆಯ ಗಾಳಿ. ಮಧ್ಯಾಹ್ನ ನೆಲ ಕಾದು, ಅದರ ಮೇಲಿನ ಗಾಳಿ ಮೇಲೇರಿ, ಆ ಜಾಗ ತುಂಬಲು ಕಡಲಿನಿಂದ ವಾಯವ್ಯದ ಗಾಳಿ. ದಿನಾ ಹೊತ್ತಿಗೆ ಸರಿಯಾಗಿ ಬರುತ್ತದೆ, ನಮ್ಮ ಸಿಟಿ ಬಸ್ಸಿಗಿಂತ ನಂಬಿಗಸ್ತ. ಆದರೆ ಜೂನ್ ಬಂತೆಂದರೆ ಕಡಲಿನ ಬಾಗಿಲು ಮುಚ್ಚುತ್ತದೆ. ಯಾಂತ್ರಿಕ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಹಾಯಿಯವರ ಹಂಗಾಮು ಅಕ್ಟೋಬರಿನಿಂದ ಮೇವರೆಗೆ. ಪೂರ್ವ ಕರಾವಳಿಯ ಲೆಕ್ಕ ಬೇರೆ: ಚೆನ್ನೈ ಕಡೆ ಅಕ್ಟೋಬರಿನಿಂದ ಡಿಸೆಂಬರ್ ಹಿಂಗಾರು, ಚಂಡಮಾರುತಗಳ ಕಾಲ.

ಹುಸೇನ್ ಸಾಗರದಲ್ಲಿ ಇದು ತಿರುವುಮುರುವು. ಅಲ್ಲಿ ಗಾಳಿ ಚೆನ್ನಾಗಿ ಬೀಸುವುದೇ ಮಳೆಗಾಲದಲ್ಲಿ. ಹೈದರಾಬಾದ್ ಸೈಲಿಂಗ್ ವೀಕ್ ಪಂದ್ಯಗಳೂ ಆಗಲೇ ನಡೆಯುತ್ತವೆ. ಅಂದರೆ ಕಡಲು ಮುಚ್ಚಿದಾಗ ಕೆರೆ ತೆರೆದಿರುತ್ತದೆ.

ಇದನ್ನು ಕ್ಯಾಲೆಂಡರಿನಲ್ಲಿ ಬರೆದಾಗಲೇ ನನಗೆ ಹೊಳೆದದ್ದು: ಮುಂಬೈ-ಹೈದರಾಬಾದ್ ನಡುವಿನ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹಾಯುವುದು ಕಲಬುರಗಿ ಮೇಲೆಯೇ. ಒಂದು ತುದಿಗೆ ಮಳೆಗಾಲದ ಕೆರೆ, ಇನ್ನೊಂದು ತುದಿಗೆ, ಸುಮಾರು 570 ಕಿ.ಮೀ. ಆಚೆ, ಚಳಿಗಾಲದ ಕಡಲು. ನಡುವೆ ನಮ್ಮ ಸ್ಟೇಷನ್ನು. ಬಾಡಿಗೆ ಮನೆ ಹಿಡಿದು ಆರು ತಿಂಗಳು ಗಾಳಿ ಕಾಯುವವನಿಗಿಂತ ಹೆಚ್ಚು ದಿನ ನೀರಿನ ಮೇಲಿರಲು ಬಹುಶಃ ಕಲಬುರಗಿಯವನಿಗೇ ಸಾಧ್ಯ. ನೀರಿನ ಮೇಲೆ ವರ್ಷಕ್ಕೆ ಎಷ್ಟು ದಿನ ಸಿಗುತ್ತದೆ ಎಂಬುದೇ ಮುಖ್ಯ ಲೆಕ್ಕ. ಕಿಟಕಿಯಿಂದ ಸಮುದ್ರ ಕಾಣುವುದು ಆಮೇಲಿನದು.

ಊರೂರಿಗೂ ಒಂದೊಂದು ಪ್ರಶ್ನೆ

ಮುಂಬೈಯಲ್ಲಿ ಕಲಿಸುವವರಿದ್ದಾರೆ, ಜೊತೆಗಾರರು ಸಿಗುತ್ತಾರೆ, ಗೇಟ್‌ವೇ ಮುಂದಿನ ಬಂದರಿನ ನೀರಿಗೆ ಅಲೆಯ ಹೊಡೆತದಿಂದ ಮರೆ ಇದೆ. ಆದರೆ ಅಲ್ಲಿ ಉಬ್ಬರ-ಇಳಿತದ ಅಂತರ ದೊಡ್ಡ ದಿನಗಳಲ್ಲಿ 4 ಮೀಟರ್ ದಾಟುತ್ತದೆ. ಬೆಳಗ್ಗೆ ತೇಲುತ್ತಿದ್ದ ದೋಣಿ ಮಧ್ಯಾಹ್ನ ಕೆಸರಿನಲ್ಲಿ ಕೂತಿರಬಹುದು. ಕೊಚ್ಚಿಯಲ್ಲಿ ಈ ಅಂತರ ಒಂದು ಮೀಟರಿನಷ್ಟು. ಬೋಲ್ಗಾಟ್ಟಿ ದ್ವೀಪದಲ್ಲಿ ಯಾಟುಗಳಿಗೆಂದೇ ಕಟ್ಟಿದ ಮರೀನಾ ಇದೆ. ಯಾಟ್ ಕೊಳ್ಳುವ ಶಕ್ತಿ ಇದ್ದವರು ನೋಡಬೇಕಾದ ಊರು ಅದು, ಆದರೆ ನಮಗೆ ತೀರಾ ದೂರ. ಮುಂಬೈ-ಚೆನ್ನೈ ರೈಲು ಮಾರ್ಗದಲ್ಲಿರುವ ಯಾದಗಿರಿಯವರಿಗೆ ಚೆನ್ನೈ ಸುಲಭ. ರಾಯಲ್ ಮದ್ರಾಸ್ ಯಾಟ್ ಕ್ಲಬ್ 1911ರಷ್ಟು ಹಳೆಯದು.

ಗೋವಾದ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದೆ. ದೋಂಡೆಯವರ 'ಮ್ಹಾದೇಯಿ', ನೌಕಾಪಡೆಯ ಆರು ಮಹಿಳೆಯರು 2017-18ರಲ್ಲಿ ಭೂಮಿ ಸುತ್ತಿದ 'ತಾರಿಣಿ' ಎರಡೂ ಕಟ್ಟಿದ್ದು ಅಲ್ಲಿಯೇ. ದೋಣಿ ಕಟ್ಟುವವರಿರುವ ಊರಿನಲ್ಲಿ ದೋಣಿ ರಿಪೇರಿ ಮಾಡುವವರೂ ಇರುತ್ತಾರೆ. ಕಲಿಯುವವನಿಗೆ ಇದು ಮೊದಲ ವರ್ಷ ಅರ್ಥವಾಗುವುದಿಲ್ಲ, ಮೊದಲ ಹಗ್ಗ ಹರಿದ ದಿನ ಅರ್ಥವಾಗುತ್ತದೆ.

ನಮ್ಮದೇ ರಾಜ್ಯದ ಸುಮಾರು 320 ಕಿ.ಮೀ. ಕರಾವಳಿ? ಭಾಷೆ ನಮ್ಮದು, ಮನಸ್ಸು ಅಲ್ಲಿಗೇ ಎಳೆಯುತ್ತದೆ. ಕಾರವಾರದ ಕೊಲ್ಲಿಗೆ ದ್ವೀಪಗಳ ಮರೆ ಇದೆ, ಜತೆಗೆ ನೌಕಾನೆಲೆಯೂ ಇದೆ. ಎಲ್ಲಿ ಹೋಗಬಹುದು, ಎಲ್ಲಿ ಕೂಡದು ಎಂದು ಬಂದರು ಕಚೇರಿಯಲ್ಲಿ ಕೇಳದೆ ಹಾಯಿ ಬಿಚ್ಚಬೇಡಿ. ಮಲ್ಪೆ, ಮಂಗಳೂರು, ಗಂಗೊಳ್ಳಿ ಮೀನುಗಾರರ ಬಂದರುಗಳು. ಅವರ ಬೋಟುಗಳ ನಡುವೆ ಶೋಕಿಯ ದೋಣಿಗೆ ಜಾಗ ಕೇಳುವಾಗ ಸಂಕೋಚವಾಗಬೇಕು. ಇಲ್ಲಿ ತಿಳಿಯಲೇಬೇಕಾದದ್ದು ಅಳಿವೆ ಬಾಗಿಲಿನ ವಿಷಯ. ಹೊಳೆ ಕಡಲು ಸೇರುವಲ್ಲಿ ಮರಳಿನ ದಿಬ್ಬ ಕಟ್ಟುತ್ತದೆ. ಕಡಲಿನ ಅಲೆ ಅದಕ್ಕೆ ಬಡಿದು ಅಲ್ಲೇ ಒಡೆಯುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆನೀರು ಹೊರಗೆ ನುಗ್ಗುವಾಗ ಎದುರಿನಿಂದ ಅಲೆ ಬಂದರೆ ಇನ್ನೂ ಕೆಟ್ಟದು. ದಿಬ್ಬ ಮಳೆಗಾಲದ ಮೇಲೆ ಜಾಗ ಬದಲಿಸುತ್ತದೆ, ಹಳೆಯ ನಕ್ಷೆ ನಂಬಿದವರು ಸಿಕ್ಕಿಬೀಳುತ್ತಾರೆ. ಹಾಗಾಗಿ ಆ ಊರಿನ ಮೀನುಗಾರರನ್ನೇ ಕೇಳಿ: "ಅಣ್ಣಾ, ಯಾವ ಹೊತ್ತಿಗೆ ಹೊರಗೆ ಹೋಗ್ತೀರಿ, ಯಾವ ಹೊತ್ತಿಗೆ ಒಳಗೆ ಬರ್ತೀರಿ?" ದಲ್ಲಾಳಿ ಸೈಟು ತೋರಿಸುವ ಮೊದಲು ಈ ಉತ್ತರ ನಿಮ್ಮ ಹತ್ತಿರ ಇರಬೇಕು.

ಸೈಟಿನ ಮಾತು ಬಂತು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ, ಜನಸಾಂದ್ರತೆ ಕಡಿಮೆ ಇರುವ ಗ್ರಾಮೀಣ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್, ಸಾಂದ್ರತೆ ಹೆಚ್ಚಿರುವ ಕಡೆ 50 ಮೀಟರ್ ನಿರ್ಮಾಣ ನಿಷಿದ್ಧ ವಲಯ. ಅಳಿವೆಯ ಹೊಳೆದಂಡೆಗೂ ನಿಯಮಗಳಿವೆ. 'ಸಮುದ್ರಕ್ಕೆ ತಾಗಿದ ಜಾಗ' ಎಂಬ ಜಾಹೀರಾತು ಕಂಡರೆ ಮೊದಲು ವಕೀಲರ ಬಳಿ ಹೋಗಿ.

ಒಂದು ಹಂಗಾಮು ಬಾಡಿಗೆಗೆ ಇರಿ

ಈಗ ಕ್ರಮ. ಒಂದು ವರ್ಷ ಕೆರೆ. ಮಗುಚಿದ ದೋಣಿ ಎತ್ತುವುದು, ಗಾಳಿಗೆ ನೇರ ಎದುರಾಗದೆ ಅಡ್ಡಡ್ಡ ಹಾಯ್ದು ಮುಂದೆ ಹೋಗುವುದು, ಇವು ಕೈಗೆ ಬರಲಿ. ಎರಡನೇ ವರ್ಷ ಕಡಲಿನ ಕೋರ್ಸು. ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್‌ನ 'ಕಾಂಪಿಟೆಂಟ್ ಕ್ರೂ' ಐದು ದಿನದ್ದು. ಹೊಟ್ಟೆ ತೊಳಸುತ್ತದೋ ಇಲ್ಲವೋ ಅಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೆ ಮನಸ್ಸಿಗೆ ಬಂದ ಊರಿನಲ್ಲಿ ನವೆಂಬರಿನಿಂದ ಫೆಬ್ರುವರಿವರೆಗೆ ಬಾಡಿಗೆ ಖೋಲಿ. ಮನೆ ಮಾರುವ ಮಾತು ಅಲ್ಲಿಯವರೆಗೆ ಎತ್ತಬೇಡಿ.

ಅಲ್ಲಿದ್ದಾಗ ದಿನಾ ಬರೆದಿಡಿ: ಇವತ್ತು ಗಾಳಿ ಎಷ್ಟು ಗಂಟೆಗೆ ಬಂತು, ಎಷ್ಟು ನಾಟ್ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.), ದೋಣಿ ಇಳಿಯಿತೋ ಇಲ್ಲವೋ. ಹೊಸಬರಿಗೆ 8ರಿಂದ 12 ನಾಟ್ ಹಿತ. ಅಲೆ, ಗಾಳಿಯ ಮುನ್ಸೂಚನೆಯನ್ನು ಇನ್‌ಕಾಯ್ಸ್ ಸಂಸ್ಥೆ ಕೊಡುತ್ತದೆ. ದೇಶದ ಕಡಲಿನ ಸುದ್ದಿಯೆಲ್ಲ ಹೇಳುವ ಆ ಸಂಸ್ಥೆ ಇರುವುದು ಕಡಲೇ ಇಲ್ಲದ ಹೈದರಾಬಾದಿನಲ್ಲಿ! ಕೋಸ್ಟ್ ಗಾರ್ಡಿನ 1554 ನಂಬರನ್ನು ಫೋನಿನಲ್ಲಿ ಹಾಕಿಕೊಳ್ಳಿ. ಹೃದಯದ ಡಾಕ್ಟರು ಎಷ್ಟು ಹೊತ್ತಿನ ದಾರಿ ಎಂಬುದನ್ನೂ ನೋಡಿ. ಈ ಲೆಕ್ಕದಲ್ಲಿ ಮಂಗಳೂರು, ಮಣಿಪಾಲ ಮುಂದು.

ಇನ್ನು ಮನೆಯವರು. ದೋಣಿಯ ಮೇಲೆ ನೀವು ಮೂರು ತಾಸು ಇರುತ್ತೀರಿ, ಆ ಊರಿನಲ್ಲಿ ಅವರು ಇಪ್ಪತ್ತನಾಲ್ಕು ತಾಸೂ ಇರಬೇಕು. ಕಲಬುರಗಿಯ ಒಣ ಬಿಸಿಲಿಗೆ ಒಗ್ಗಿದ ಮೈಗೆ ಕರಾವಳಿಯ ಬೆವರು ಬೇರೆ. ನಮ್ಮಲ್ಲಿ ವರ್ಷದ ಮಳೆ 750 ಮಿ.ಮೀ. ಆಸುಪಾಸು, ಕಾರವಾರದಲ್ಲಿ ಮೂರು ಸಾವಿರದ ಹತ್ತಿರ. ಉಪ್ಪುಗಾಳಿಗೆ ಬಾಗಿಲ ಕೀಲು, ಫ್ರಿಜ್ಜು, ಸ್ಕೂಟರು ತುಕ್ಕು ಹಿಡಿಯುತ್ತವೆ. ಜೋಳದ ರೊಟ್ಟಿ ಬಡಿಯುವವರು ಸಿಗುತ್ತಾರೆಯೇ ಎಂಬುದು ನನ್ನ ಹೆಂಡತಿಯ ಮೊದಲ ಪ್ರಶ್ನೆ. ತಮಾಷೆ ಅಂದುಕೊಂಡಿದ್ದೆ. ನಾಲ್ಕು ತಿಂಗಳ ಖೋಲಿಯಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ.

"ಛಳಿಗಾಲದಾಗ ಎಲ್ಲಾ ಊರೂ ಛಂದ ಕಾಣ್ತಾವ್ರೀ. ಜುಲೈದಾಗ ಒಮ್ಮೆ ಕರ್ಕೊಂಡ ಹೋಗ್ರಿ, ಆಮ್ಯಾಲ ಮನಿ ಮಾರೂ ಮಾತು," ಎಂದಳು. ಹಾಗಾಗಿ ಈ ಜುಲೈಗೆ ಕಾರವಾರದಲ್ಲಿ ಹದಿನೈದು ದಿನಕ್ಕೆ ಖೋಲಿ ಹಿಡಿದಿದ್ದೇವೆ. ಹಾಯಿ, ಹಗ್ಗ ಎಲ್ಲ ಇಲ್ಲೇ ಬಿಟ್ಟು ಹೋಗುವುದು. ಗೋಡೆಗೆ ಬೂಷ್ಟು ಎಷ್ಟು ಹತ್ತುತ್ತದೆ, ಒಗೆದ ಬಟ್ಟೆ ಎಷ್ಟು ದಿನಕ್ಕೆ ಒಣಗುತ್ತದೆ ಎಂದು ಬರೆದಿಡಲು ಆಕೆ ಒಂದು ನೋಟ್‌ಬುಕ್ ತಂದಿದ್ದಾಳೆ.